ಐನೂರು ಮೈಲಿ ಆಚೆಯವರು

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಅಂತ ಈಗ ಯಾರನ್ನೂ ಕೇಳಬೇಕಾಗಿಲ್ಲ. ಫೋನಿನಲ್ಲಿ ಎರಡು ಊರಿನ ಹೆಸರು ಒತ್ತಿದರೆ ಸಾಕು, ಉತ್ತರ ಪಟ್ಟನೆ ಬಂದು ಕೂರುತ್ತದೆ. ಬರಲಿ, ಬೇಡ ಅಂದವರು ಯಾರು? ಆದರೆ ಒಂದು ಕಾಲದಲ್ಲಿ ಇದನ್ನು ಲೆಕ್ಕ ಹಾಕುವುದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಕೂರಿಸುತ್ತಿದ್ದರು. ಗಾಳಿಯಕ್ಕ ಅಂಥವರಲ್ಲಿ ಒಬ್ಬಳು.

ಗಾಳಿಯಕ್ಕ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಕಟ್ಟಿದ್ದು. ಬೆಳಿಗ್ಗೆ ಬಂದು ಹೆಗಲಿನ ಚೀಲ ಇಳಿಸುವ ಮೊದಲೇ "ಇವತ್ತು ಗಾಳಿ ಹೇಗಿದೆ?" ಅಂತ ಕೇಳುತ್ತಿದ್ದಳು. ಅಂಗಳದ ಗಾಳಿಯಲ್ಲ, ಹತ್ತು ಸಾವಿರ ಅಡಿ ಮೇಲೆ ಬೀಸುವ ಗಾಳಿ. ಹೊಸದಾಗಿ ಸೇರಿದವರು ಈ ಹೆಸರು ಕೇಳಿ, ಇವಳ ಮೈಮೇಲೆ ಏನಾದರೂ ಬರುತ್ತದೇನೋ ಅಂತ ಒಂದು ವಾರ ದೂರವೇ ಕೂರುತ್ತಿದ್ದರಂತೆ. ಅವಳ ಕೋಪ ನೋಡಿದ ಮೇಲೆ ಅನುಮಾನ ಖಾತ್ರಿಯಾಯಿತು ಅಂತ ನಗುವವರೂ ಇದ್ದರು. ಕೋಪ ಮೂಗಿನ ತುದಿಯಲ್ಲೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಕಂಟ್ರೋಲ್ ಟವರಿನ ಕೆಳಗೆ, ಮೂರು ಮೆಟ್ಟಿಲು ಇಳಿದು ಹೋಗುವ ಒಂದು ಕೋಣೆ. ಕಿಟಕಿ ಹೊರಗಿನ ನೆಲದ ಮಟ್ಟಕ್ಕೇ ಇದ್ದುದರಿಂದ ಅಲ್ಲಿಂದ ಕಾಣುತ್ತಿದ್ದದ್ದು ವಿಮಾನದ ಚಕ್ರಗಳು, ಮೆಕ್ಯಾನಿಕ್ಕುಗಳ ಬೂಟುಗಳು, ಆಮೇಲೆ ರನ್‌ವೇ ಪಕ್ಕದ ಹುಲ್ಲು. ಗೋಡೆಯ ತುಂಬ ನಕ್ಷೆ. ಅದರ ಮೇಲೆ ಎರಡು ಗುಂಡುಸೂಜಿ, ನಡುವೆ ಬಿಗಿದು ಕಟ್ಟಿದ ಕೆಂಪು ದಾರ. ಈಚೆಯ ಸೂಜಿ ಇವರ ನಿಲ್ದಾಣ, ಆಚೆಯದು ಐನೂರು ಮೈಲಿ ದೂರದ್ದು. ದಿನಕ್ಕೆ ಒಂದೇ ವಿಮಾನ, ಎರಡು ಫ್ಯಾನಿನದು, ಹೊಟ್ಟೆಯೊಳಗೆ ಟ್ರಾಕ್ಟರು ಇಟ್ಟುಕೊಂಡ ಹಾಗೆ ಸದ್ದು ಮಾಡುತ್ತಿತ್ತು. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು.

ಇದರಲ್ಲಿ ಲೆಕ್ಕ ಹಾಕಲು ಏನಿದೆ ಅಂತ ಅವಳ ತಂಗಿ ಕೇಳಿದ್ದುಂಟು. "ದೂರ ದಿನಾ ಬದಲಾಗುತ್ತಾ? ಒಂದ್ ಸಲ ಹಾಕಿಟ್ರೆ ಮುಗೀತು. ಆಮೇಲೆ ತಿಂಗಳಿಗೊಂದ್ ಸಲ ಸಂಬಳ ಎಣಿಸೋದೇ ಕೆಲಸ."

"ದೂರ ಬದಲಾಗಲ್ಲ ಕಣೇ, ಹೊತ್ತು ಬದಲಾಗುತ್ತೆ," ಅಂದಿದ್ದಳು ಗಾಳಿಯಕ್ಕ. "ಹೋಗುವಾಗ ಗಾಳಿ ಬೆನ್ನಿಗಿದ್ರೆ ಎರಡು ಗಂಟೆ. ಅದೇ ದಾರೀಲಿ ವಾಪಸ್ ಬರುವಾಗ ಗಾಳಿ ಎದೆಗೆ ಹೊಡೀತಿದ್ರೆ ಎರಡೂವರೆ, ಕೆಲವು ಸಲ ಮೂರು. ಪೈಲಟ್ ಅದಕ್ಕೆ ತಕ್ಕಷ್ಟು ಎಣ್ಣೆ ಹಾಕಿಸ್ಕೋಬೇಕು. ನಾನು ಹೇಳೋದು ತಪ್ಪಿದ್ರೆ ಮಧ್ಯದಲ್ಲಿ ಎಲ್ಲಿ ನಿಲ್ಲಿಸ್ತಾನೆ, ಮೋಡದ ಮೇಲಾ?"

ತಂಗಿ ಆಮೇಲೆ ಸಂಬಳದ ಮಾತು ಎತ್ತಲಿಲ್ಲ.

ಮೇಜಿನ ಮೇಲೆ ಡಯಲ್ ಇಲ್ಲದ ಒಂದು ಕಪ್ಪು ಫೋನಿತ್ತು. ಎತ್ತಿದರೆ ನೇರ ಆಚೆಯ ನಿಲ್ದಾಣದಲ್ಲಿ, ಇಂಥದೇ ಇನ್ನೊಂದು ಕೋಣೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಅಲ್ಲಿ ಎತ್ತುತ್ತಿದ್ದವರು ಆಚೆಯವರು. ಅವರಿಗೂ ಒಂದು ಹೆಸರಿತ್ತು, ಇಲ್ಲವೆಂದಲ್ಲ. ಆದರೆ ಎರಡೂ ಕಡೆ ರೂಢಿಯಾದದ್ದು ಇದೇ. ಇವಳಿಗೆ ಅವರು ಆಚೆಯವರು, ಅವರಿಗೆ ಇವಳು ಆಚೆಯವರು. ವಿಮಾನ ಇಲ್ಲಿಂದ ಎದ್ದರೆ ಇವಳು ಫೋನ್ ಎತ್ತಿ "ಬಿಡ್ತು" ಅನ್ನಬೇಕು, ಇಂಥ ಹೊತ್ತಿಗೆ ಮುಟ್ಟುತ್ತದೆ ಅಂತ ಹೇಳಬೇಕು. ಅವರು ಅದನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಾಕಬೇಕು. ಇಳಿದ ಮೇಲೆ ಅವರು ಫೋನ್ ಮಾಡಿ "ಇಳೀತು" ಅನ್ನಬೇಕು. ಸಂಜೆಗೆ ಇದೇ ಆಟ ಉಲ್ಟಾ.

ಸೇರಿದ ಹೊಸದರಲ್ಲಿ ಒಂದು ಸಂಜೆ, ಆಚೆಯವರು ವಿಮಾನ ರನ್‌ವೇ ಕಡೆ ಹೊರಟದ್ದನ್ನು ನೋಡಿಯೇ "ಬಿಡ್ತು" ಅಂದುಬಿಟ್ಟರು. ಅದು ರನ್‌ವೇ ತುದಿಯವರೆಗೂ ಹೋಗಿ, ಏನೋ ಕೆಟ್ಟು, ಸುಮ್ಮನೆ ಹಿಂದಕ್ಕೆ ಬಂತು. ಅದೇ ಹೊತ್ತಿಗೆ ಲೈನೂ ಕೆಟ್ಟುಹೋಯಿತು. ಇತ್ತ ಗಾಳಿಯಕ್ಕ ಹೊತ್ತು ಬರೆದು ಹಾಕಿದ್ದಾಳೆ, ಹೊತ್ತು ಮೀರಿದೆ, ಆಕಾಶದಲ್ಲಿ ಒಂದು ಹಕ್ಕಿಯೂ ಇಲ್ಲ. ಕರೆದುಕೊಂಡು ಹೋಗಲು ಬಂದವರು ಬೋರ್ಡಿನ ಮುಂದೆ ನಿಂತು ಅಳಲು ಶುರುಮಾಡಿದರು. ಅವಳ ಜೀವ ಬಾಯಿಗೆ ಬಂದಿತ್ತು. ಕೊನೆಗೆ ಫೋನು ಹೊಡೆದುಕೊಂಡಾಗ, ವಿಷಯ ತಿಳಿದಾಗ, ಅವಳು ಆಚೆಯವರನ್ನು ಬೈದ ಬೈಗುಳ ಟವರಿನ ಮೇಲಿದ್ದವರಿಗೂ ಕೇಳಿಸಿತ್ತಂತೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ತಪ್ಪಾಯ್ತು. ಇನ್ಮೇಲೆ ಚಕ್ರ ನೆಲ ಬಿಡದೆ ನಾನು ಬಾಯಿ ಬಿಡಲ್ಲ. ನೀವೂ ಬಿಡಬೇಡಿ."

ಅವತ್ತಿನಿಂದ ಅದೇ ಅವರಿಬ್ಬರ ಕಟ್ಟಳೆ. ಮೇಲಧಿಕಾರಿ ಬಂದು ಕುತ್ತಿಗೆ ಮೇಲೆ ಕೂತರೂ ಸರಿ, ಚಕ್ರ ನೆಲ ಬಿಡುವುದನ್ನು ಕಣ್ಣಾರೆ ಕಾಣದೆ ಫೋನ್ ಎತ್ತುತ್ತಿರಲಿಲ್ಲ. ಕೆಲಸದ ಕಟ್ಟಳೆ ಮೆಲ್ಲಗೆ ಮನೆಗೂ ಬಂತು. ತಂಗಿಯ ಮದುವೆ ಗೊತ್ತಾದಾಗಲೂ ಗಾಳಿಯಕ್ಕ ಯಾರಿಗೂ ಉಸಿರು ಬಿಟ್ಟಿರಲಿಲ್ಲ. ಮದುವೆ ಮುಗಿದು ಗಂಡು ಹೆಣ್ಣು ಮನೆ ಬಿಟ್ಟ ಮೇಲೆ ನೇರ ಕೋಣೆಗೆ ಬಂದು ಕಪ್ಪು ಫೋನ್ ಎತ್ತಿ, "ತಂಗೀದು ಮದ್ವೆ ಆಯ್ತು" ಅಂದಳು. "ಯಾವಾಗ?" ಅಂದರು. "ಈಗ ತಾನೇ. ಕಾರು ಬೀದಿ ದಾಟಿದ್ದನ್ನ ನೋಡ್ಕೊಂಡೇ ಬಂದೆ." ಇಂಥವಳಿಗೆ ಏನು ಹೇಳೋಣ!

ವಿಮಾನ ಎದ್ದು ಇಳಿಯುವ ತನಕದ ಆ ಎರಡು ಗಂಟೆ ಅವಳ ಇಡೀ ದಿನದಲ್ಲಿ ಬಹಳ ಚೆಂದದ ಹೊತ್ತು. ಆಗೆಲ್ಲ ರೇಡಾರು ಈ ದಾರಿಗೆ ಬಂದಿರಲಿಲ್ಲ. ಅಷ್ಟು ಜನರನ್ನು ಹೊತ್ತ ವಿಮಾನ ಈಗ ಎಲ್ಲಿದೆ ಅಂತ ಲೆಕ್ಕ ಹಾಕಿ ಬೆರಳಿಟ್ಟು ತೋರಿಸಬಲ್ಲವರು ಇಬ್ಬರೇ, ದಾರದ ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು. "ಈಗ ಗುಡ್ಡ ದಾಟಿರುತ್ತೆ," ಅನ್ನುತ್ತಿದ್ದಳು ಇವಳು. "ದಾಟಿರುತ್ತೆ. ನದಿ ಮೇಲೆ ಸ್ವಲ್ಪ ಕುಲುಕಿರುತ್ತೆ," ಅನ್ನುತ್ತಿದ್ದರು ಅವರು. ನದಿಯಾದ ಮೇಲೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಅವರ ಪುಟ್ಟ ಮಗಳಿಗೆ ಜ್ವರ, ಇವಳ ಅಮ್ಮನ ಮಂಡಿನೋವು, ಅಲ್ಲಿಯ ಚಳಿ, ಇಲ್ಲಿಯ ಧೂಳು. ಅವರ ಧ್ವನಿ ತುಂಬಿದ ಕೊಡದಂಥದು. ಅವಸರವಿಲ್ಲ, ಏರಿಳಿತವಿಲ್ಲ. ಅದನ್ನು ಕೇಳಿದರೆ ಅವಳ ಕೋಪ ಇಳಿಯುತ್ತಿತ್ತು. ಯಾಕೆ ಇಳಿಯುತ್ತದೆ ಅಂತ ಅವಳು ಯೋಚಿಸಲು ಹೋಗಲಿಲ್ಲ.

ಒಂದು ಸಲ ನಾಲ್ಕು ದಿನ ಅಲ್ಲಿ ಬದಲಿಯವರು ಯಾರೋ ಫೋನ್ ಎತ್ತಿದರು. ಐದನೇ ದಿನ ಅವರೇ ಬಂದರು, ಹೇಳಿದ ಹೊತ್ತಿನಲ್ಲಿ ಲೆಕ್ಕ ತಪ್ಪಿತ್ತು. ಅವರು ಎಂದೂ ತಪ್ಪಿದವರಲ್ಲ. "ಏನಾಯ್ತು?" ಅಂದಳು. "ಮನೆಯವಳು ಹೋಗಿಬಿಟ್ಳು. ನಾಲ್ಕು ದಿನ ಆಯ್ತು. ಇವತ್ತೇ ಕೆಲಸಕ್ಕೆ ಬಂದೆ," ಅಂದರು. ಅವತ್ತು ವಿಮಾನ ಇಳಿಯುವವರೆಗೂ ಇಬ್ಬರೂ ಫೋನು ಕಿವಿಗಿಟ್ಟುಕೊಂಡೇ ಸುಮ್ಮನೆ ಕೂತಿದ್ದರು. ಆಮೇಲೆ ಅವಳು ಅಂದದ್ದು ಇಷ್ಟೇ: "ಮಗೂಗೆ ಊಟ ಮಾಡ್ಸಿದ್ರಾ?"

ಅಲ್ಲ, ಇಷ್ಟು ವರ್ಷದಲ್ಲಿ ಒಂದು ಸಲ ಹೋಗಿ ಮುಖ ನೋಡಿ ಬರಬಾರದಿತ್ತೇ ಅಂತ ನೀವು ಕೇಳುತ್ತೀರಿ. ತಂಗಿಯೂ ಕೇಳಿದಳು, ನಾನೂ ಕೇಳುತ್ತೇನೆ. ನೌಕರರಿಗೆ ವರ್ಷಕ್ಕೊಂದು ಬಿಟ್ಟಿ ಟಿಕೆಟ್ ಸಿಗುತ್ತಿತ್ತು. ಅದನ್ನು ಅವಳು ತಂಗಿಗೆ ಕೊಟ್ಟಳು, ತಂಗಿಯ ಗಂಡನಿಗೆ ಕೊಟ್ಟಳು, ಪಕ್ಕದ ಮನೆಯವರು ಕೇಳಿದರೂ ಕೊಡುತ್ತಿದ್ದಳೇನೋ. ಮೊದಲು ಅಮ್ಮ ಹಾಸಿಗೆ ಹಿಡಿದಿದ್ದಳು, ಬಿಟ್ಟು ಹೋಗುವಂತಿರಲಿಲ್ಲ. ಅಮ್ಮ ಹೋದ ಮೇಲೆ ಹೋಗಲು ನೆಪ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಧ್ವನಿಗೆ ಅವಳು ಮನಸ್ಸಿನಲ್ಲೇ ಒಂದು ಮುಖ ಮಾಡಿಟ್ಟಿದ್ದಳು. ಎತ್ತರದ ಆಳು, ಉದ್ದ ಮೂಗು, ಕನ್ನಡಕ, ಕಿವಿಯ ಹತ್ತಿರ ಒಂದಿಷ್ಟು ನರೆ. ಹೋಗಿ ನೋಡಿದಾಗ ಅದು ಅಲ್ಲದೆ ಬೇರೇನೋ ಇದ್ದರೆ? ಅವಳನ್ನು ನೋಡಿ ಅವರಿಗೂ ಹಾಗೇ ಅನಿಸಿದರೆ?

ಆಮೇಲೆ ಕಂಪ್ಯೂಟರು ಬಂತು, ಜೆಟ್ಟು ಬಂತು. ಎರಡು ಗಂಟೆಯ ದಾರಿ ಒಂದು ಗಂಟೆಗಿಳಿಯಿತು. ಕೋಣೆಯಲ್ಲಿ ಗಾಲಿಕುರ್ಚಿಗಳನ್ನು ಪೇರಿಸಿಟ್ಟರು. ಕಪ್ಪು ಫೋನಿನ ತಂತಿ ಕೀಳುವ ದಿನ ಆಚೆಯವರು ತಮ್ಮ ಮನೆಯ ನಂಬರು, ವಿಳಾಸ ಕೊಟ್ಟರು, ಇವಳು ತನ್ನದು ಕೊಟ್ಟಳು. ಅಲ್ಲಿಂದ ಭಾನುವಾರ ಭಾನುವಾರ ಫೋನು. ಈಚೆಗೆ ಅವರು "ಫೋಟೋ ಕಳಿಸ್ಲಾ? ಮಗಳು ಹೊಸ ಫೋನ್ ಕೊಡ್ಸಿದ್ದಾಳೆ" ಅಂದಾಗ, "ಬೇಡ ಬೇಡ, ಈ ವಯಸ್ಸಲ್ಲಿ ಮುಖ ತಗೊಂಡು ಏನ್ಮಾಡ್ಲಿ" ಅಂದುಬಿಟ್ಟಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಅವರ ಮಗಳ ಫೋನು ಬಂತು. ಜ್ವರದ ಆ ಪುಟ್ಟ ಹುಡುಗಿ ಈಗ ದೊಡ್ಡ ಹೆಂಗಸು, ಶಾಲೆಯಲ್ಲಿ ಲೆಕ್ಕದ ಟೀಚರು.

"ಆಂಟಿ, ಅಪ್ಪನ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ತೆಗೆದುಬಿಟ್ರೆ ಜೀವಕ್ಕೆ ಅಪಾಯ ಇಲ್ಲ ಅಂತಾರೆ ಡಾಕ್ಟ್ರು. ಇನ್ನು ತಡ ಮಾಡಿದ್ರೆ ನಮ್ಮ ಕೈಲಿಲ್ಲ ಅಂದಿದ್ದಾರೆ. ಬುಧವಾರ ಬೆಳಿಗ್ಗೆ ಆಪರೇಷನ್, ಮಂಗಳವಾರ ಸಂಜೆ ಸೇರಬೇಕು. ಅಪ್ಪ ಜಪ್ಪಯ್ಯ ಅಂದ್ರೂ ಒಪ್ತಿಲ್ಲ. ನಿಮ್ಮ ಮಾತಾದ್ರೂ ಕೇಳ್ತಾರೇನೋ."

ಗಾಳಿಯಕ್ಕ ತಕ್ಷಣ ಅವರಿಗೆ ಫೋನ್ ಮಾಡಿದಳು. ಕೆಲವು ತಿಂಗಳಿಂದ ಧ್ವನಿ ಒಡೆದಿತ್ತು. ಶೀತ ಅಂತ ಹೇಳಿ ಅವರು ಅವಳನ್ನು ನಂಬಿಸಿದ್ದರು.

"ಶೀತವಂತೆ ಶೀತ! ಇಷ್ಟು ವರ್ಷ ಒಂದು ಸುಳ್ಳು ಹೇಳದೋರು ಈಗ ಕಲಿತ್ರಾ?"

"ಬೈಬೇಡಿ," ಅಂದರು. ಆಮೇಲೆ ಹೇಳಿದರು: "ನಿಮಗೆ ನನ್ನದು ಅಂತ ಗೊತ್ತಿರೋದು ಈ ಧ್ವನಿ ಒಂದೇ. ಇದನ್ನೂ ತೆಗೆದು ಹಾಕಿದ್ರೆ, ನಿಮಗೆ ನಾನು ಯಾರು ಹೇಳಿ? ಭಾನುವಾರ ಫೋನ್ ಎತ್ತಿ ಏನ್ ಮಾಡ್ಲಿ? ಇರೋಷ್ಟು ದಿನ ಮಾತಾಡ್ಕೊಂಡು ಹೋಗಿಬಿಡ್ತೀನಿ, ಬಿಡಿ."

ಗಾಳಿಯಕ್ಕ ಏನಾದರೂ ಅನ್ನಬೇಕಿತ್ತು, ಬಾಯಿಗೆ ಬಂದದ್ದು "ನಿಮ್ಮ ತಲೆ" ಅನ್ನುವ ಒಂದು ಮಾತು. ಫೋನಿಟ್ಟು ಅಡುಗೆಮನೆಗೆ ಹೋಗಿ ಅತ್ತಳು. ಗಂಡ ತೀರಿಹೋದ ಮೇಲೆ ಅಕ್ಕನ ಜೊತೆಗೇ ಬಂದು ಇದ್ದ ತಂಗಿ ಬಾಗಿಲಲ್ಲಿ ನಿಂತು ನೋಡಿದಳು.

"ಹೋಗಿ ಬಾರೆ," ಅಂದಳು ತಂಗಿ. "ಹೋಗಿ ಎದುರಿಗೆ ನಿಂತ್ಕೋ. ಫೋನಲ್ಲಿ ಒಪ್ಪೋ ಮಾತಲ್ಲ ಅದು. ಅವರಿಗೆ ನಿನ್ನ ಮುಖ ಗೊತ್ತಾಗ್ಲಿ, ನಿನಗೆ ಅವರದ್ದು ಗೊತ್ತಾಗ್ಲಿ. ಆಮೇಲೆ ಧ್ವನಿ ಇದ್ರೆಷ್ಟು ಬಿಟ್ರೆಷ್ಟು."

ಗಾಳಿಯಕ್ಕ ಮಂಗಳವಾರ ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆಸಿದಳು. ಆಚೆಯವರಿಗೆ ಹೇಳಿದಳೇ? ಹೇಗೆ ಹೇಳುತ್ತಾಳೆ, ಚಕ್ರ ಇನ್ನೂ ನೆಲದ ಮೇಲಿದೆಯಲ್ಲ! ವಿಮಾನ ತಡವಾದರೆ, ನಿಂತೇ ಹೋದರೆ, ಕಾಯಿಸಿ ಮೋಸ ಮಾಡಿದ ಹಾಗಾಗುತ್ತದೆ. ಮಗಳಿಗೂ ಹೇಳಲಿಲ್ಲ. ಕಿಟಕಿಯ ಪಕ್ಕ ಕೂತು, ಫೋನಿನಲ್ಲಿ "ಬಿಟ್ಟೆ" ಅಂತ ಬರೆದು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದಳು. ಚಕ್ರ ನೆಲ ಬಿಟ್ಟಿತು. ಒತ್ತಬೇಕು ಅನ್ನುವಷ್ಟರಲ್ಲಿ ಎದುರಿನ ಸೀಟಿನಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿದ್ದ ಗಗನಸಖಿ, "ಅಮ್ಮಾ, ಫೋನ್ ಆಫ್ ಮಾಡಿ" ಅಂದಳು.

"ಒಂದೇ ಒಂದು ಪದ ಕಣಮ್ಮ."

"ಇಳಿದ ಮೇಲೆ ಕಳಿಸಿ."

"ಇಳಿದ ಮೇಲೆ 'ಬಿಟ್ಟೆ' ಅಂತ ಯಾರಾದ್ರೂ ಹೇಳ್ತಾರೇನಮ್ಮ?" ಅಂದಳು ಗಾಳಿಯಕ್ಕ. ಗಗನಸಖಿ ನಕ್ಕಳು, ಬಿಡಲಿಲ್ಲ. ವಿಮಾನಗಳಿಗೆ ದಾರಿ ಹಾಕಿಕೊಟ್ಟವಳಿಗೆ, ವಿಮಾನದೊಳಗೆ ಕೂತವರು ಏನು ಮಾಡಬಹುದು ಏನು ಮಾಡಬಾರದು ಅನ್ನುವುದೇ ಹೊಳೆದಿರಲಿಲ್ಲ. ಫೋನು ಆರಿಸಿ ಚೀಲದೊಳಗೆ ತುರುಕಿದಳು.

ವಿಮಾನ ಇನ್ನೂ ಮೇಲೇರುತ್ತಿದ್ದಾಗಲೇ ಕೆಳಗೆ ಗುಡ್ಡ ಬಂತು. ನಕ್ಷೆಯಲ್ಲಿ ಅದು ಕಂದು ಬಣ್ಣದ ಒಂದು ಹೆಬ್ಬೆಟ್ಟಿನ ಗುರುತು. ಇಲ್ಲಿ ನೋಡಿದರೆ ಅದರ ಮೇಲೆ ಮರ, ಕಾಲುದಾರಿ, ಒಂದೆರಡು ಹಂಚಿನ ಮನೆ. ಇಷ್ಟು ವರ್ಷ ದಿನಾ ದಾಟಿಸಿದ ಗುಡ್ಡದಲ್ಲಿ ಜನ ಇದ್ದಾರೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನದಿಯ ಮೇಲೆ ವಿಮಾನ ಸ್ವಲ್ಪ ಕುಲುಕಿತು. "ನೋಡ್ದ್ಯಾ, ಹೇಳಿದ್ರು," ಅಂತ ತನ್ನಷ್ಟಕ್ಕೆ ಅಂದುಕೊಂಡಳು. ಮನಸ್ಸು ಆ ಕೋಣೆಗೆ ಓಡಿತು. ಆಗ ಅಮ್ಮ ಇದ್ದಳು, ಮೊಣಕಾಲು ಚೆನ್ನಾಗಿತ್ತು, ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿಯುತ್ತಿದ್ದಳು. ಫೋನೆತ್ತಿದರೆ ಆ ಧ್ವನಿ. ಅಷ್ಟು ಸುಖವನ್ನು ಸುಖ ಅಂತ ತಿಳಿಯದೆಯೇ ಉಂಡು ಎದ್ದುಬಿಟ್ಟೆನಲ್ಲ ಅಂತ ಹೊಟ್ಟೆ ಉರಿಯಿತು. ಅರ್ಧ ದಾರಿಯಲ್ಲಿ ಕೆಳಗೆ, ಬಲಗಡೆ, ಬೆಳ್ಳಗೆ ಒಂದು ವಿಮಾನ ಇವರ ಎದುರಿಂದ ಬಂದು ಸರ್ರನೆ ಹಿಂದಕ್ಕೆ ಹೋಯಿತು. ಈಗ ಎರಡೂ ಊರಿನಿಂದ ಒಂದೇ ಹೊತ್ತಿಗೆ ವಿಮಾನ ಬಿಡುತ್ತಾರೆ. ಎಷ್ಟು ಚಿಕ್ಕದಾಗಿ ಕಾಣುತ್ತದೆ ಅಂತ ಬೆರಗಿನಿಂದ ನೋಡಿದಳು.

ಆಚೆಯ ನಿಲ್ದಾಣದಲ್ಲಿ ಇಳಿದು, ಫೋನು ಹಚ್ಚಿ, ತಡವಾದರೂ ಸರಿ ಅಂತ "ಬಿಟ್ಟೆ" ಕಳಿಸಿದಳು. ಅದು ಹೋಗುವುದಕ್ಕೂ ಫೋನು ಟಿಂಗ್ ಅನ್ನುವುದಕ್ಕೂ ಸರಿಹೋಯಿತು. ಅವರದು. ಅಲ್ಲೂ ಒಂದೇ ಪದ: "ಬಿಟ್ಟೆ."

ಕೂಡಲೇ ಫೋನ್ ಮಾಡಿದಳು.

"ಎಲ್ಲಿದ್ದೀರಿ ನೀವು?"

"ನಿಮ್ಮ ಏರ್‌ಪೋರ್ಟಲ್ಲಿ," ಅಂದಿತು ಒಡೆದ ಧ್ವನಿ. "ಈಗ ಇಳಿದೆ. ನಿಮ್ಮ ಮೆಸೇಜ್ ನೋಡಿ ತಲೆ ಗಿರ್ ಅಂತು. ನೀವೆಲ್ಲಿದ್ದೀರಿ?"

"ನಿಮ್ಮ ಏರ್‌ಪೋರ್ಟಲ್ಲಿ!"

ಅವರು ನಗಲು ಶುರುಮಾಡಿದರು, ನಗು ಕೆಮ್ಮಾಯಿತು. ಇವಳಿಗೂ ನಗು ಬಂತು, ಸಾಮಾನು ಬರುವ ಪಟ್ಟಿಯ ಪಕ್ಕ ನಿಂತು ಕಣ್ಣೀರು ಬರುವಷ್ಟು ನಕ್ಕಳು. ದಾರಿ ಮಧ್ಯೆ ಎದುರಾದ ವಿಮಾನದಲ್ಲಿ ಅವರೇ ಇದ್ದರು. ಲೋಕದಲ್ಲಿ ಬೇರೆ ಯಾರಾದರೂ ಆಗಿದ್ದರೆ ಒಂದು ದಿನ ಮುಂಚೆ ಫೋನ್ ಮಾಡಿ 'ಬರ್ತಿದ್ದೀನಿ' ಅಂದಿರುತ್ತಿದ್ದರು. ಇವರಿಬ್ಬರಿಗೆ ಚಕ್ರ ನೆಲ ಬಿಡಬೇಕಿತ್ತಲ್ಲ!

"ಮಗಳಿಗಾದ್ರೂ ಹೇಳಿ ಬಂದ್ರಾ?"

"ಹೊರಗೆ ಹೋಗಿ ಬರ್ತೀನಿ ಅಂದೆ."

"ಯಾಕೆ ಬಂದ್ರಿ?"

"ಈ ಧ್ವನಿ ಇರೋವಾಗ್ಲೇ ನಿಮ್ಮ ಎದುರಿಗೆ ಕೂತು ಒಂದು ಮಾತು ಹೇಳ್ಬೇಕಿತ್ತು."

ಗಾಳಿಯಕ್ಕ ಗದರಿದಳು. "ಈಗಲೇ ವಾಪಸ್ ಹೊರಡಿ. ಸಂಜೆ ಆಸ್ಪತ್ರೆಗೆ ಸೇರ್ಬೇಕು ನೀವು. ಮಧ್ಯಾಹ್ನದ ವಿಮಾನ ಇದೆಯಲ್ಲ?"

"ನಾನು ವಾಪಸ್ ಟಿಕೆಟ್ ತಗೊಂಡಿಲ್ಲ."

ಅವಳ ನಗು ನಿಂತೇಹೋಯಿತು. ಬೇಕೆಂದೇ ಇವತ್ತನ್ನು ಆರಿಸಿಕೊಂಡಿದ್ದಾರೆ, ಆಸ್ಪತ್ರೆ ತಪ್ಪಿಸಲು.

"ನಾನು ಅಲ್ಲಿಗೆ ಬರ್ತೀನಿ ಅಂತ ಕಾಯಬೇಡಿ," ಅಂದಳು. "ನಾನು ಹೊರಟು, ನೀವೂ ಹೊರಟು, ಮತ್ತೆ ಅರ್ಧ ದಾರೀಲಿ ಎದುರಾದ್ರೆ ಊರೆಲ್ಲ ನಗುತ್ತೆ. ನಾನು ಇಲ್ಲೇ ಕೂತಿರ್ತೀನಿ. ನೀವು ಬರ್ತೀರೋ ಇಲ್ವೋ, ಅಷ್ಟು ಹೇಳಿ."

"ಚಕ್ರ ನೆಲ ಬಿಡದೆ ಹೇಳೋಕೆ ನನಗೆ ಬಾಯಿ ಬರಲ್ಲ, ನಿಮಗೆ ಗೊತ್ತಲ್ಲ," ಅಂದರು. ಫೋನು ಇಟ್ಟರು.

ಗಾಳಿಯಕ್ಕ ಮಗಳಿಗೆ ವಿಷಯ ತಿಳಿಸಿದಳು. ಅವಳು ಶಾಲೆ ಬಿಟ್ಟು ಕಾರಿನಲ್ಲಿ ಓಡೋಡಿ ಬಂದಳು. ದುಂಡು ಮುಖ, ಕೈಬೆರಳಿನಲ್ಲಿ ಇನ್ನೂ ಸೀಮೆಸುಣ್ಣ. "ಆಂಟಿ" ಅಂದವಳೇ ಅಪ್ಪಿಕೊಂಡು ಅತ್ತಳು. ಇಬ್ಬರೂ ಹೊರಬಾಗಿಲ ಎದುರಿನ ಕುರ್ಚಿಗಳಲ್ಲಿ ಕೂತರು. ಅತ್ತಿಂದ ತಂಗಿಯ ಫೋನು ಬಂತು, ಪಿಸುಮಾತಿನಲ್ಲಿ.

"ಅಕ್ಕಾ, ಅವರು ಮನೆಗೆ ಬಂದಿದ್ದಾರೆ. ಊಟ ಮಾಡ್ತಿದ್ದಾರೆ. ಎಷ್ಟು ಒಳ್ಳೆ ಮನುಷ್ಯ ಕಣೇ! ಫೋಟೋ ಆಲ್ಬಮ್ ತೋರಿಸ್ದೆ."

"ಯಾವುದನ್ನ?"

"ಎಲ್ಲಾನೂ. ನೀನು ಬಂದ ಗಂಡುಗಳನ್ನೆಲ್ಲ ಬೇಡ ಬೇಡ ಅಂತ ಓಡಿಸಿದ್ದೂ ಹೇಳ್ದೆ."

"ನಿನ್ನ ಬಾಯಿಗೆ ಬೀಗ ಹಾಕ! ಆಸ್ಪತ್ರೆ ವಿಷಯ ಏನಾದ್ರೂ ಅಂದ್ರಾ?"

"ನಾನು ತೆಗೆದ್ರೆ ಮಾತು ಬದಲಾಯಿಸ್ತಾರೆ."

ಮಧ್ಯಾಹ್ನ ದಾಟಿದ ಮೇಲೆ ತಂಗಿ ಮತ್ತೆ ಫೋನ್ ಮಾಡಿದಳು. "ಎದ್ದು ಹೋದ್ರು. ಎಲ್ಲಿಗೆ ಅಂತ ಕೇಳ್ದೆ, ಸುಮ್ಮನೆ ಕೈ ಮುಗಿದ್ರು. ಆಟೋ ಹತ್ತಿದ್ದು ನೋಡಿದೆ. ಯಾವ ಕಡೆ ತಿರುಗ್ತೋ ಕಾಣಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ ಸಂಕಟ. ಫೋನ್ ಮಾಡಿದರೆ ಆರಿಸಿದೆ ಅನ್ನುತ್ತದೆ. ಆರಿಸಿದ್ದು ವಿಮಾನದೊಳಗೆ ಕೂತದ್ದಕ್ಕೋ, ಇವರ ಕಾಟ ತಪ್ಪಿಸಿಕೊಳ್ಳುವುದಕ್ಕೋ? ಮಧ್ಯಾಹ್ನದ ವಿಮಾನ ಅಲ್ಲಿಂದ ಎದ್ದಿದೆ ಅಂತ ಬೋರ್ಡು ಹೇಳಿತು. ಅದರೊಳಗೆ ಯಾರಿದ್ದಾರೆ ಅಂತ ಬೋರ್ಡು ಹೇಳುವುದಿಲ್ಲ. ಕೌಂಟರಿನಲ್ಲಿ ಮಗಳು ವಿಚಾರಿಸಿದಳು, ಪ್ರಯಾಣಿಕರ ಹೆಸರು ಹೇಳುವಂತಿಲ್ಲ ಅಂದರು. ಇಷ್ಟು ವರ್ಷ ವಿಮಾನ ಎಲ್ಲಿದೆ ಅಂತ ಲೆಕ್ಕ ಹಾಕಿದವಳಿಗೆ ಇವತ್ತು ವಿಮಾನ ಎಲ್ಲಿದೆ ಅಂತ ಗೊತ್ತು, ಮನುಷ್ಯ ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ಗುಡ್ಡ ದಾಟಿತು, ನದಿ ದಾಟಿತು ಅಂತ ಮನಸ್ಸು ರೂಢಿಯಂತೆ ಓಡುತ್ತಿತ್ತು. ಜೊತೆಗೆ ಇನ್ನೊಂದು ಚಿತ್ರವೂ ಓಡುತ್ತಿತ್ತು: ಯಾವುದೋ ಬೀದಿಯ ಬೆಂಚಿನ ಮೇಲೆ ಒಬ್ಬರೇ ಕೂತಿದ್ದಾರೆ, ಇಲ್ಲಿ ಸಂಜೆಯಾಗುತ್ತಿದೆ.

"ಬರಲಿಲ್ಲ ಅಂದ್ರೆ, ಆಂಟಿ?" ಅಂದಳು ಮಗಳು.

"ಬರಲಿಲ್ಲ ಅಂದ್ರೆ ನಾನೇ ಹೋಗಿ ಕಿವಿ ಹಿಡ್ಕೊಂಡು ತರ್ತೀನಿ," ಅಂದಳು ಗಾಳಿಯಕ್ಕ. ಬಾಯಲ್ಲಿ ಅಂದದ್ದು ಹಾಗೆ. ಒಳಗೆ ಬೇರೆಯೇ ಬೇಡಿಕೊಳ್ಳುತ್ತಿದ್ದಳು.

ವಿಮಾನ ಹೇಳಿದ ಹೊತ್ತಿಗೆ ಬರಲಿಲ್ಲ, ಬೋರ್ಡಿನ ಮೇಲೆ ಸ್ವಲ್ಪ ತಡ ಅಂತ ಬಂತು. "ಗಾಳಿ ಎದುರಿಗಿದೆ," ಅಂದಳು ಅವಳು, ಯಾರೂ ಕೇಳದಿದ್ದರೂ. ಕೊನೆಗೆ ಇಳಿಯಿತು. ಮಗಳು ಕಾರನ್ನು ಬಾಗಿಲ ಹತ್ತಿರ ತರಲು ಓಡಿದಳು. "ಬಂದ್ರೆ ಒಂದು ನಿಮಿಷ ತಡ ಆಗ್ಬಾರ್ದು, ಆಂಟಿ. ನೀವು ಇಲ್ಲೇ ನೋಡ್ತಿರಿ."

ನೋಡುವುದು ಯಾರನ್ನು? ಅದು ಇಬ್ಬರಿಗೂ ಹೊಳೆಯಲಿಲ್ಲ. ಜನ ಹೊರಗೆ ಬರಲು ಶುರುವಾದಾಗ ಗಾಳಿಯಕ್ಕ ಉದ್ದ ಮೂಗಿನ ಎತ್ತರದ ಆಳನ್ನು ಹುಡುಕಿದಳು. ಕನ್ನಡಕದ ಒಬ್ಬರು ಬಂದರು, ಅವರನ್ನು ಯಾರೋ ಮೊಮ್ಮಕ್ಕಳು ಬಂದು ಮುತ್ತಿಕೊಂಡರು. ನರೆಯ ಇನ್ನೊಬ್ಬರು ಬಂದರು, ನೇರ ಟ್ಯಾಕ್ಸಿಗೆ ಹೋದರು. ಅಷ್ಟರಲ್ಲಿ ಒಬ್ಬ ಕುಳ್ಳಗಿನ, ದುಂಡನೆಯ, ಬೋಳುತಲೆಯ ಮನುಷ್ಯ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು ಸರಿಯಾಗಿ ಅವಳ ಮುಂದೆಯೇ ನಿಂತ. ನಿಂತವನು ಸುಮ್ಮನೆ ಹಲ್ಲು ಬಿಟ್ಟ.

"ಏನ್ರೀ, ಸ್ವಲ್ಪ ಪಕ್ಕಕ್ಕೆ ಸರೀರಿ," ಅಂದಳು ಗಾಳಿಯಕ್ಕ ಸಿಡುಕಿನಿಂದ. "ಬಾಗಿಲು ಕಾಣ್ತಿಲ್ಲ."

"ಬಾಗಿಲಲ್ಲಿ ಇನ್ನು ಯಾರೂ ಇಲ್ಲ," ಅಂದರು ಅವರು. "ಫೋಟೋದಲ್ಲಿ ಇಷ್ಟು ಸಿಡುಕು ಕಾಣಲ್ಲ ನೋಡಿ."

ಧ್ವನಿ ಒಡೆದಿತ್ತು, ತಳದಲ್ಲಿ ಅದೇ ಇತ್ತು. ಅವಸರವಿಲ್ಲ, ಏರಿಳಿತವಿಲ್ಲ. ಗಾಳಿಯಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ವರ್ಷ ಮನಸ್ಸಿನಲ್ಲಿ ಸಾಕಿಕೊಂಡು ಬಂದ ಆ ಉದ್ದ ಮೂಗು, ಕನ್ನಡಕ, ನರೆ ಎಲ್ಲ ಎಲ್ಲಿ ಹೋದವೋ. ಒಂದು ಚೂರು ದುಃಖವೂ ಆಗಲಿಲ್ಲ. ಎದುರಿಗಿದ್ದ ದುಂಡು ಮುಖವನ್ನೇ ನೋಡಿದಳು. ಎಡಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು. ಕಣ್ಣು ಬಹಳ ದಣಿದಿತ್ತು.

"ಬಂದ್ರಲ್ಲ," ಅಂದಳು.

"ನಿಮ್ಮ ಮನೇಲಿ ಕೂತು ಊಟ ಮಾಡಿದೆ. ನೀವು ಕೂರೋ ಕುರ್ಚಿಯಂತೆ, ನಿಮ್ಮ ತಂಗಿ ಅಲ್ಲೇ ಕೂರಿಸಿದ್ರು. ಎಲ್ಲಾ ಇತ್ತು, ನೀವಿರಲಿಲ್ಲ. ಆ ಮಾತು ಗೋಡೆಗೆ ಹೇಳ್ಲಾ? ಅದಕ್ಕೇ ಬಂದೆ. ಹೇಳಿಬಿಡ್ತೀನಿ, ಅಡ್ಡ ಬರಬೇಡಿ." ಒಮ್ಮೆ ಕೆಮ್ಮಿದರು. "ಮನೆಯವಳು ಹೋದ ಮೇಲೆ ನಾನು ಬದುಕಿದ್ದು ನಿಮ್ಮ ಫೋನಿನಿಂದ. ಬೆಳಿಗ್ಗೆ ಏಳ್ತಿದ್ದದ್ದೇ ನೀವು ಫೋನ್ ಮಾಡ್ತೀರಿ ಅಂತ. ಕೆಲಸ ಅಂತ ಏಳ್ತಿರಲಿಲ್ಲ. ಇದನ್ನ ಹೇಳೋಕೆ ಇಷ್ಟು ವರ್ಷ ಹೆದರಿದೆ."

ಗಾಳಿಯಕ್ಕನಿಗೆ ಸುತ್ತಲಿನ ಜನ ಕಾಣಿಸಲಿಲ್ಲ. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ನಾಳೆ ಆದ ಮೇಲೆ ಇದನ್ನ ಇನ್ನೊಂದ್ ಸಲ ಕೇಳ್ಬೇಕು ಅಂದ್ರೂ ಹೇಳೋಕಾಗಲ್ಲ ನನ್ನ ಕೈಲಿ," ಅಂದರು.

"ಬೇಡ. ಒಂದ್ ಸಲ ಕೇಳಿದ್ದೀನಿ, ಸಾಯೋತನಕ ಸಾಕು." ಅವಳು ಅವರ ಮಫ್ಲರಿನ ತುದಿ ಹಿಡಿದುಕೊಂಡಳು, ಎಲ್ಲಿ ಓಡಿಹೋಗುತ್ತಾರೋ ಅನ್ನುವ ಹಾಗೆ. "ಧ್ವನಿ ಹೋದ್ರೆ ನೀವು ನನಗೆ ಯಾರು ಅಂತ ಕೇಳಿದ್ರಲ್ಲ. ಇವರು. ಈ ಬೋಳುತಲೆ, ಈ ಮುಖ. ನೋಡ್ಕೊಂಡೆ, ಇನ್ನು ಮರೆಯಲ್ಲ. ಮಾತು ಬೇಕಾದ್ರೆ ನನ್ನ ಹತ್ರ ಇಬ್ಬರಿಗಾಗುವಷ್ಟಿದೆ. ನನಗೆ ನೀವು ಬೇಕು ಕಣ್ರೀ. ಬದುಕಿರಿ."

ಕಾರು ಬಂದು ನಿಂತಿತು. ಮಗಳು ಇಳಿದು ಇಬ್ಬರನ್ನೂ ನೋಡಿದಳು, ಅಪ್ಪನ ಹತ್ತಿರ ಬರಲೋ ಬೇಡವೋ ಅಂತ ಬಾಗಿಲು ಹಿಡಿದುಕೊಂಡೇ ನಿಂತಳು. "ಅಪ್ಪಾ, ಎಲ್ಲಿಗೆ?" ಅಂದಳು ಮೆಲ್ಲಗೆ.

ಅವರು ಗಾಳಿಯಕ್ಕನ ಮುಖ ನೋಡಿದರು.

"ಆಸ್ಪತ್ರೆಗೆ," ಅಂದರು.

ದಾರಿಯುದ್ದಕ್ಕೂ ಅವರು ಮಾತಾಡಿದರು. ತಮ್ಮ ಕೋಣೆಯ ಕಿಟಕಿ ಹೇಗಿತ್ತು, ಮಗಳು ಎಷ್ಟನೇ ವಯಸ್ಸಿಗೆ ಬೋರ್ಡಿನ ಮೇಲೆ ಹೊತ್ತು ಬರೆಯಲು ಕಲಿತಳು, ಯಾವ ವರ್ಷ ಯಾವ ಬಿರುಗಾಳಿಯಲ್ಲಿ ವಿಮಾನ ಎಷ್ಟು ತಡವಾಗಿತ್ತು, ಮೊದಲ ಸಲ ಬೈಸಿಕೊಂಡ ಸಂಜೆ ಮನೆಗೆ ಹೋಗಿ ಎಷ್ಟು ಹೊತ್ತು ನಕ್ಕಿದ್ದರು, ಎಲ್ಲ. ಯಾರಿಗೂ ಒಂದು ವಾಕ್ಯ ಪೂರ್ತಿ ಮುಗಿಸಲು ಬಿಡದ ಗಾಳಿಯಕ್ಕ ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಕೂತು ಹೂಂ ಅಂತಲೂ ಅನ್ನದೆ ಕೇಳಿದಳು. ಧ್ವನಿ ನಡುನಡುವೆ ಮುರಿಯುತ್ತಿತ್ತು, ಅವರು ನೀರು ಕುಡಿದು ಮತ್ತೆ ಶುರುಮಾಡುತ್ತಿದ್ದರು.

ಆಸ್ಪತ್ರೆಯ ದೀಪಗಳು ಕಂಡಾಗ ಮಗಳು ಕನ್ನಡಿಯಲ್ಲಿ ನೋಡಿ, "ಸಾಕಪ್ಪ, ಗಂಟಲಿಗೆ ಆಯಾಸ ಆಗುತ್ತೆ," ಅಂದಳು.

"ಮಾತಾಡ್ಲಿ ಬಿಡಮ್ಮ," ಅಂದಳು ಗಾಳಿಯಕ್ಕ. "ಇವತ್ತೊಂದಿನ."